ಹಸಿರು ಚಾಪೆಯ ಲೆಕ್ಕ



ಮೂವತ್ತನಾಲ್ಕು ವರ್ಷ ಲೆಕ್ಕವನ್ನೂ ವಿಜ್ಞಾನವನ್ನೂ ಕಲಿಸಿದವನು ನಾನು. ಕಪ್ಪುಹಲಗೆಯ ಮೇಲೆ ತಪ್ಪು ಲೆಕ್ಕವೊಂದನ್ನು ಹಾಗೆಯೇ ಬಿಟ್ಟು ತರಗತಿಯಿಂದ ಹೊರಬಂದ ನೆನಪು ನನಗಿಲ್ಲ. ಆದರೆ ನಿವೃತ್ತನಾದ ಮೇಲೆ, ಹತ್ತು ಜನರ ಎದುರಿಗೆ, ಕೊರಳಿಗೆ ಹಾರ ಹಾಕಿಸಿಕೊಂಡು ಒಂದು ತಪ್ಪು ಲೆಕ್ಕಕ್ಕೆ ಸರಿ ಗುರುತು ಹಾಕಿ ಬಂದಿದ್ದೇನೆ. ಅದನ್ನು ಅಳಿಸದೆ ನನಗೆ ನಿದ್ರೆ ಬಾರದು.

ಎರಡು ವರ್ಷಗಳ ಹಿಂದಿನ ಮಾತು. ಕುದೂರು ಹೋಬಳಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ (ಅವನ ತರಗತಿಯವರಿಗೆ ಯಾರೆಂದು ಹೊಳೆಯಬಹುದು, ದಯವಿಟ್ಟು ಸುಮ್ಮನಿರಿ) ಮನೆಗೆ ಬಂದು, "ಸಾರ್, ಮಣ್ಣಿಲ್ಲದೆ ಮೇವು ಬೆಳೆಯೋ ಘಟಕ ಹಾಕಿದ್ದೀನಿ, ನೀವೇ ಬಂದು ಟೇಪು ಕತ್ತರಿಸಬೇಕು" ಎಂದ. ಹೋದೆ. ಕೊಟ್ಟಿಗೆಯ ಪಕ್ಕದಲ್ಲಿ ಹಸಿರು ನೆರಳುಬಲೆಯ ಕೋಣೆ. ಒಳಗೆ ಕಬ್ಬಿಣದ ಅಟ್ಟಣಿಗೆಗಳು, ಅವುಗಳ ಮೇಲೆ ಸಾಲಾಗಿ ಪ್ಲಾಸ್ಟಿಕ್ ಟ್ರೇಗಳು, ಮೇಲಿನಿಂದ ಮಂಜಿನಂತೆ ನೀರು ಎರಚುವ ಸಣ್ಣ ಕೊಳವೆಗಳು. ಎಂಟನೆಯ ದಿನದ ಟ್ರೇಯನ್ನು ಎಳೆದು ತೋರಿಸಿದ. ಮುಸುಕಿನ ಜೋಳದ ಪೈರು ಒಂದು ಗೇಣು ಬೆಳೆದು ನಿಂತಿದೆ. ಕೆಳಗೆ ಬೇರುಗಳೆಲ್ಲ ಹೆಣೆದುಕೊಂಡು ಬಿಳಿಯ ಚಾಪೆಯಾಗಿದೆ. ಸುರುಳಿ ಸುತ್ತಿ ಎತ್ತಿ ಹಸುವಿನ ಮುಂದೆ ಹಾಕಿದರೆ ಬೇರು ಸಮೇತ ಕರಕರನೆ ಮೇಯುತ್ತದೆ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು, ಸಾವನದುರ್ಗದ ಬಂಡೆ ಕಾದ ಹೆಂಚಿನಂತಿದೆ. ಒಳಗೆ ಈ ಹಸಿರು. ಯಾರಿಗಾದರೂ ಕಣ್ಣು ತುಂಬುತ್ತದೆ. ನಾನು ಕತ್ತರಿ ಹಿಡಿದು ಟೇಪು ಕತ್ತರಿಸಿದೆ. ಮಾತ್ರವಲ್ಲ, "ವಿಜ್ಞಾನ ಪಾಠದ ಮೊಳಕೆ ಪ್ರಯೋಗ ಇಂದು ಅನ್ನ ಕೊಡುವ ವಿದ್ಯೆಯಾಗಿದೆ" ಎಂದು ಭಾಷಣವನ್ನೂ ಮಾಡಿದೆ. ಘಟಕ ಮಾರಿದ ಕಂಪನಿಯವರು ಆ ಭಾಷಣದ ವಿಡಿಯೊ ತೆಗೆದು ಊರೂರಿಗೆ ತೋರಿಸಿದರೆಂದು ಆಮೇಲೆ ತಿಳಿಯಿತು.

ಆ ಕಂಪನಿಯವರ ಮಾತು ಇಷ್ಟು: ಹತ್ತು ಕಿಲೋ ಬೀಜ ಹಾಕಿದರೆ ನೂರು ಕಿಲೋ ಮೇವು. ಜಮೀನು ಬೇಡ, ಮಳೆ ಬೇಡ, ಹಿಂಡಿ ಬೂಸಾ ಅರ್ಧಕ್ಕರ್ಧ ಉಳಿಯುತ್ತದೆ. ನನ್ನ ವಿದ್ಯಾರ್ಥಿಗೆ ಆರು ಸೀಮೆಹಸುಗಳು. ಸಾಲ ಮಾಡಿದ.

ಈಗ ಹಲಗೆಯ ಮೇಲೆ ಲೆಕ್ಕ ಬರೆಯುತ್ತೇನೆ. ಅಂದೇ ಬರೆಯಬೇಕಿತ್ತು.

ಹತ್ತು ಕಿಲೋ ಮುಸುಕಿನ ಜೋಳದಲ್ಲಿ ಸುಮಾರು ನೂರಕ್ಕೆ 12 ಭಾಗ ತೇವಾಂಶ. ಉಳಿದ 8 ಕಿಲೋ 800 ಗ್ರಾಂ ಒಣ ಪದಾರ್ಥ. ದನದ ಹೊಟ್ಟೆಗೆ ಲೆಕ್ಕಕ್ಕೆ ಬರುವುದು ಇದೇ. ನೀರನ್ನು ಅದು ತೊಟ್ಟಿಯಲ್ಲಿಯೂ ಕುಡಿಯಬಲ್ಲದು. ಟ್ರೇಯಲ್ಲಿ ಎಂಟು ದಿನದ ನಂತರ ಸಿಗುವುದು ನೂರು ಕಿಲೋ ಅಲ್ಲ. ಸಾಮಾನ್ಯವಾಗಿ ಕಿಲೋಗೆ ಐದೂವರೆ ಆರು ಕಿಲೋ. ನನ್ನ ವಿದ್ಯಾರ್ಥಿಯ ತಕ್ಕಡಿಯಲ್ಲಿ ಒಳ್ಳೆಯ ದಿನ ಹತ್ತು ಕಿಲೋಗೆ 58 ಕಿಲೋ ತೂಗಿತು. ಆ ಚಾಪೆಯಲ್ಲಿ ಒಣ ಪದಾರ್ಥ ನೂರಕ್ಕೆ 11ರಿಂದ 14 ಭಾಗ. 12 ಎಂದು ಹಿಡಿಯಿರಿ. 58 ಕಿಲೋದಲ್ಲಿ ಏಳು ಕಿಲೋ. ಅಂದರೆ ಎಂಟು ಮುಕ್ಕಾಲು ಕಿಲೋ ಆಹಾರವನ್ನು ಒಳಗೆ ಕೊಟ್ಟು ಎಂಟು ದಿನ ನೀರು ಎರಚಿ ಏಳು ಕಿಲೋ ಆಹಾರವನ್ನು ಹೊರಗೆ ತೆಗೆದಿದ್ದೇವೆ. ಉಳಿದದ್ದೆಲ್ಲಿ? ಮೊಳಕೆಯೊಡೆಯುವ ಬೀಜ ಉಸಿರಾಡುತ್ತದೆ. ತನ್ನೊಳಗಿನ ಪಿಷ್ಟವನ್ನು ಸುಟ್ಟುಕೊಂಡೇ ಎಲೆ ಬೇರುಗಳನ್ನು ಕಟ್ಟುತ್ತದೆ. ಎಂಟು ದಿನದ ಎಳೆ ಎಲೆಗೆ ಬಿಸಿಲಿನಿಂದ ಆ ನಷ್ಟವನ್ನು ತುಂಬಿಕೊಳ್ಳುವಷ್ಟು ಸಮಯವೂ ಇಲ್ಲ, ನೆರಳುಬಲೆಯೊಳಗೆ ಬಿಸಿಲೂ ಇಲ್ಲ. ಏಳನೆಯ ತರಗತಿಯಲ್ಲಿ ನಾನೇ ಕಲಿಸಿದ ಪಾಠವಿದು.

"ಆದರೆ ಪ್ರೋಟೀನು ಹೆಚ್ಚಾಗುತ್ತದಲ್ಲ ಸಾರ್, ಕಾಳಿನಲ್ಲಿ ನೂರಕ್ಕೆ ಒಂಬತ್ತು ಹತ್ತು ಇದ್ದದ್ದು ಮೇವಿನಲ್ಲಿ ಹದಿಮೂರು" ಎನ್ನುತ್ತಾರೆ. ನಿಜ, ಅಳತೆ ಸುಳ್ಳಲ್ಲ. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು ಕನ್ನಡಕದವರಿದ್ದರೆ ಅದು ನೂರಕ್ಕೆ ಹತ್ತು. ಕನ್ನಡಕವಿಲ್ಲದ ಹತ್ತು ಹುಡುಗರು ಮಾಗಡಿ ಕೋಟೆಯ ಕಡೆ ಓಡಿಹೋದ ದಿನ (ಓಡಿಹೋದವರು ಇದನ್ನು ಓದುತ್ತಿರುವಿರಿ, ನನಗೆ ಗೊತ್ತು) ಅದೇ ನಾಲ್ವರು ನೂರಕ್ಕೆ ಹದಿಮೂರು ಆಗುತ್ತಾರೆ. ಹೊಸ ಕನ್ನಡಕವನ್ನು ಯಾರೂ ಕೊಳ್ಳಲಿಲ್ಲ. ಪಿಷ್ಟ ಓಡಿಹೋಯಿತು, ಪ್ರೋಟೀನಿನ ಪ್ರಮಾಣ ಏರಿತು. ಬಹುಮಟ್ಟಿಗೆ ಇಷ್ಟೇ ಕಥೆ.

ಹಣದ ಲೆಕ್ಕ ಇನ್ನೂ ಸುಲಭ. ಕೇಂದ್ರ ಸರ್ಕಾರ 2025-26ನೆಯ ಸಾಲಿಗೆ ಮುಸುಕಿನ ಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಆ ದರದಲ್ಲಿ ಹತ್ತು ಕಿಲೋಗೆ 240 ರೂಪಾಯಿ, ತಿಂಗಳಿಗೆ 7,200. ವಿದ್ಯುತ್ತು, ಟ್ರೇ, ಸಾಲದ ಬಡ್ಡಿ, ದಿನಕ್ಕೆ ನಾಲ್ಕು ಸಲ ತಿರುಗಿ ನೋಡುವ ಹೆಂಡತಿಯ ದುಡಿಮೆ ಬೇರೆ. ನಾಲ್ಕು ನೂರು ಕಿಲೋ ತೂಕದ ಹಸುವಿಗೆ ದಿನಕ್ಕೆ ಹತ್ತು ಹನ್ನೆರಡು ಕಿಲೋ ಒಣ ಪದಾರ್ಥ ಬೇಕು. ಈ ಚಾಪೆಯಿಂದ ಅವನ ಒಂದೊಂದು ಹಸುವಿಗೂ ದಕ್ಕಿದ್ದು ಒಂದು ಕಿಲೋ ಚಿಲ್ಲರೆ. ಉಳಿದದ್ದಕ್ಕೆ ಅದೇ ರಾಗಿ ಹುಲ್ಲು, ಅದೇ ಬೂಸಾ. ಅಷ್ಟೇ ಜೋಳವನ್ನು ನುಚ್ಚು ಮಾಡಿ ಬೂಸಾದೊಂದಿಗೆ ಕಲಸಿ ಹಾಕಿದ್ದರೆ ಹೆಚ್ಚು ಆಹಾರ ಹೊಟ್ಟೆಗೆ ಹೋಗುತ್ತಿತ್ತು, ಬಡ್ಡಿಯೂ ಉಳಿಯುತ್ತಿತ್ತು.

ನನ್ನನ್ನು ಹೆಚ್ಚು ಕೆರಳಿಸುವುದು "ಜಮೀನು ಬೇಡ, ನೀರು ಬೇಡ" ಎಂಬ ಮಾತು. ಕಿಲೋ ಮೇವಿಗೆ ಎರಡು ಮೂರು ಲೀಟರು ನೀರು ಸಾಕು ಎನ್ನುತ್ತಾರೆ. ಟ್ರೇಯೊಳಗೆ ಸಾಕು, ಸರಿ. ಆದರೆ ಟ್ರೇಗೆ ಸುರಿದ ಆ ಹತ್ತು ಕಿಲೋ ಕಾಳು ಎಲ್ಲಿಂದ ಬಂತು? ದಾವಣಗೆರೆಯದೋ ಹಾವೇರಿಯದೋ ಹೊಲದಲ್ಲಿ ನಾಲ್ಕು ತಿಂಗಳು ಮಳೆ ಕುಡಿದು, ಗೊಬ್ಬರ ತಿಂದು ಬಂತು. ನೀರು ಉಳಿಯಲಿಲ್ಲ, ಬೇರೊಬ್ಬರ ಹೊಲದಲ್ಲಿ ಖರ್ಚಾಯಿತು. ಜಮೀನು ಉಳಿಯಲಿಲ್ಲ, ನಮ್ಮ ಕಣ್ಣಿಗೆ ಕಾಣದಾಯಿತು. ಅತ್ತ ಬೆಳೆದವನಾದರೂ ಸುಖವಾಗಿದ್ದಾನೆಯೆ ಎಂದರೆ, 2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕೈಗೆ ಸಿಗದೆ ಗದಗ ಹಾವೇರಿಯ ಕಡೆಯ ರೈತರು ಬೀದಿಯಲ್ಲಿ ಕುಳಿತಿದ್ದರು.

ಇನ್ನೊಂದು ಲೆಕ್ಕ ಹೇಳಿ ಕೋಪವನ್ನು ಇಳಿಸಿಕೊಳ್ಳುತ್ತೇನೆ. ಮೇವಿಗೆಂದೇ ಬೆಳೆಯುವ ಆಫ್ರಿಕನ್ ಟಾಲ್ ತಳಿಯ ಜೋಳವನ್ನು ಎಕರೆಗೆ ಮೂವತ್ತು ಕಿಲೋ ಬಿತ್ತುತ್ತಾರೆ. ನೀರಾವರಿಯಲ್ಲಿ ಎರಡು ಎರಡೂವರೆ ತಿಂಗಳಿಗೆ ಹದಿನೈದು ಟನ್ನಿಗೆ ಕಡಿಮೆಯಿಲ್ಲದೆ ಹಸಿರು ಬರುತ್ತದೆ. ನಾಟಿ ತಳಿ ಅಷ್ಟು ಕೊಡದು. ಅರ್ಧವೇ ಎನ್ನಿ, ಏಳೂವರೆ ಟನ್ನು. ಟ್ರೇಯಲ್ಲಿ ಅದೇ ಮೂವತ್ತು ಕಿಲೋ ಬೀಜ ಕೊಡುವುದು 175 ಕಿಲೋ. ಮೂರು ದಿನದ ಟ್ರೇಯ ಬೀಜ, ಒಂದು ಎಕರೆಯ ಬೀಜ! ಎಕರೆ ಇಲ್ಲದವನು ನಾಲ್ಕು ಗುಂಟೆಯಲ್ಲಿ ಬಿತ್ತಲಿ. ಮಳೆಗಾಲದಲ್ಲಿ ಹೆಚ್ಚಾದದ್ದನ್ನು ಕತ್ತರಿಸಿ ಗಾಳಿಯಾಡದಂತೆ ಚೀಲದಲ್ಲಿ ತುಳಿದು ರಸಮೇವು ಮಾಡಿಕೊಳ್ಳಲಿ. ಕಲ್ಯದ ಬಳಿ, ಚಂದೂರಾಯನಹಳ್ಳಿಯಲ್ಲಿ, ನಮ್ಮ ತಾಲ್ಲೂಕಿನೊಳಗೇ ಕೃಷಿ ವಿಜ್ಞಾನ ಕೇಂದ್ರವಿದೆ. ಊರೂರು ಸುತ್ತುವ ಮಾರಾಟಗಾರನಿಗೆ ಬಾಗಿಲು ತೆರೆಯುವ ಮೊದಲು ಅಲ್ಲಿಗೆ ಒಂದು ಬಸ್ಸು ಹತ್ತಿ ಹೋಗಿ ಕೇಳಿಬಂದರೆ ಗಂಟೇನು ಹೋಗುತ್ತದೆ?

ಹಾಗಾದರೆ ಈ ವಿದ್ಯೆಯೇ ಮೋಸವೇ? ಅಲ್ಲ. ಗೋವಾದಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಸ್ಥೆಯವರು 2010ರ ದಶಕದಲ್ಲಿ ಮುಸುಕಿನ ಜೋಳದ ಇಂಥ ಮೇವನ್ನು ಕರೆಯುವ ಹಸುಗಳಿಗೆ ಹಾಕಿ ನೋಡಿದ್ದಾರೆ. ಮೇವು ಚೆನ್ನಾಗಿ ಜೀರ್ಣವಾಯಿತು, ಹಾಲೂ ಒಂದಿಷ್ಟು ಏರಿತು. ಆದರೆ ಖರ್ಚಿನಲ್ಲಿ ಬಹುಪಾಲು ಬೀಜದ್ದೇ ಎಂದೂ ಅವರೇ ಹೇಳಿದ್ದಾರೆ. ಮಾರಾಟಗಾರರು ಮೊದಲ ಮಾತನ್ನು ಫಲಕದಲ್ಲಿ ಬರೆಸಿದರು, ಎರಡನೆಯದನ್ನು ನುಂಗಿದರು. ಬೇಸಿಗೆಯಲ್ಲಿ ಹಸಿರಿನ ಮುಖ ಕಾಣದ ಹಸುವಿಗೆ ದಿನಕ್ಕೆ ಐದಾರು ಕಿಲೋ, ಕರುಗಳಿಗೆ, ಮೇಕೆಗಳಿಗೆ, ಕೋಳಿಗಳಿಗೆ ಒಂದೊಂದು ಹಿಡಿ: ಹಾಗೆ ಬಳಸಿದರೆ ಇದು ನಮಗೆ ಕೊತ್ತಂಬರಿ ಸೊಪ್ಪು ಇದ್ದ ಹಾಗೆ. ಕೊತ್ತಂಬರಿ ಸೊಪ್ಪನ್ನೇ ಉಂಡು ಬದುಕಿ ಎಂದವನ ಮೇಲೆ ನನ್ನ ಜಗಳ.

ಹಾಗೆ ಬಳಸುವುದಕ್ಕೂ ಒಂದು ಷರತ್ತಿದೆ. ಈ ಬರಹದ ತಿರುಳೇ ಅದು. ಬೀಜ ನಿಮ್ಮದಾಗಿರಬೇಕು.

ನನ್ನ ವಿದ್ಯಾರ್ಥಿಯ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೊದಲ ಮಳೆಗಾಲದಲ್ಲಿಯೇ ಟ್ರೇಗಳಲ್ಲಿ ಬಿಳಿಯ ಬೂಷ್ಟು ಕಾಣಿಸಿಕೊಂಡಿತು. ಅಂಗಡಿಯ ಕಾಳಿನಲ್ಲಿ ಒಡಕಲು, ಹುಳುಕಲು ಸೇರಿರುತ್ತದೆ. ಮೊಳೆಯದ ಕಾಳು ಕೊಳೆಯುತ್ತದೆ. ಸೆಕೆ ತೇವಗಳಲ್ಲಿ ಬೂಷ್ಟಿಗೆ ಅದೇ ತವರು. ಕೆಲವು ಬೂಷ್ಟುಗಳ ವಿಷ ಹಸುವಿನ ಹೊಟ್ಟೆಗೆ ಹೋಗಿ ಹಾಲಿನಲ್ಲಿಯೂ ಇಳಿಯುತ್ತದೆ. ಅದಕ್ಕಾಗಿಯೇ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಷ್ಟಿರಬಹುದೆಂಬ ಮಿತಿಯನ್ನು ಆಹಾರ ಕಾನೂನಿನಲ್ಲಿ ಇಟ್ಟಿದ್ದಾರೆ. ಇವನು ಕಂಪನಿಗೆ ಫೋನು ಮಾಡಿದ. "ಒಳ್ಳೆ ಮೊಳಕೆ ಬರೋ ಬೀಜ ಹಾಕಿ, ಹೈಬ್ರಿಡ್ ಬೀಜ ಹಾಕಿ" ಎಂದರಂತೆ. ಬಿತ್ತನೆಗೆಂದು ತಂದು ಮಿಕ್ಕಿದ್ದ ಪೊಟ್ಟಣಗಳು ಮನೆಯಲ್ಲಿದ್ದವು. ಗುಲಾಬಿ ಬಣ್ಣದ ಕಾಳು. ಆ ಬಣ್ಣ ಅಲಂಕಾರಕ್ಕಲ್ಲ. ಇದಕ್ಕೆ ಔಷಧಿ ಸವರಿದೆ, ತಿನ್ನಬೇಡಿ ಎಂಬ ಎಚ್ಚರಿಕೆ. ಶಿಲೀಂಧ್ರನಾಶಕ, ಕೀಟನಾಶಕ ಎರಡನ್ನೂ ಸವರಿರುತ್ತಾರೆ. ಅದರಲ್ಲೂ 2018ರಲ್ಲಿ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಶಿವಮೊಗ್ಗದ ಕಡೆಯ ಜೋಳದಲ್ಲಿ ಕಾಣಿಸಿಕೊಂಡು ದೇಶಕ್ಕೆಲ್ಲ ಹಬ್ಬಿದ ಮೇಲೆ ಜೋಳದ ಬೀಜಕ್ಕೆ ಕೀಟನಾಶಕ ಸವರುವುದು ಇನ್ನೂ ಹೆಚ್ಚಿತು. "ಎರಡು ಸಲ ತೊಳೆದರೆ ಹೋಗುತ್ತೆ" ಎಂದಿದ್ದರಂತೆ. ತೊಳೆದ, ನೆನೆಸಿದ, ಬೆಳೆದ, ಹಾಕಿದ.

ಎರಡನೆಯ ದಿನ ಹಸುಗಳು ಮೇವು ಬಿಟ್ಟವು. ಡೇರಿಗೆ ಹೋಗುತ್ತಿದ್ದ ಹಾಲು ಕಾಲು ಭಾಗಕ್ಕೆ ಇಳಿಯಿತು. ಪಶುವೈದ್ಯರು ಬಂದು ಮೊದಲು ಕೇಳಿದ ಪ್ರಶ್ನೆ, "ಯಾವ ಬೀಜ ಹಾಕಿದ್ದೆ?" ಐದು ಹಸುಗಳು ಉಳಿದವು. ಮೊದಲ ಸೂಲಿನ ಪಡ್ಡೆಯೊಂದು ಉಳಿಯಲಿಲ್ಲ. ನಾನು ನೋಡಲು ಹೋದಾಗ ಅವನ ತಾಯಿ ಕೊಟ್ಟಿಗೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಕೋಪದ ಮಾತೇನೂ ಆಡಲಿಲ್ಲ. "ಬನ್ನಿ ಮೇಷ್ಟ್ರೇ, ಅವತ್ತು ನೀವೂ ಬಂದಿದ್ರಲ್ಲ" ಎಂದರು. ಅಷ್ಟು ಸಾಕಾಯಿತು.

ಅವರ ಕಾಲದಲ್ಲಿ ಬೀಜವನ್ನು ಯಾರು ಯಾರಿಗೆ ಮಾರುತ್ತಿದ್ದರು? ನಮ್ಮ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲು ಇಡುತ್ತಿದ್ದೆವು: ಅವರೆ, ಅಲಸಂದೆ, ಹುಚ್ಚೆಳ್ಳು, ಜೋಳ. ಬಾವಿಯ ಬದುವಿನಲ್ಲಿ, ಹಿತ್ತಲಿನಲ್ಲಿ ನಾಟಿ ಮುಸುಕಿನ ಜೋಳ. ತೆನೆ ಚಿಕ್ಕದು, ಕಾಳು ಗಟ್ಟಿ, ಬಿಳಿ ಹಳದಿ ಕೆಂಪು ಬೆರಕೆ. ಎಳೆಯದನ್ನು ಕೆಂಡದಲ್ಲಿ ಸುಟ್ಟು ಮಕ್ಕಳು ತಿಂದವು, ದಂಟು ದನಕ್ಕೆ. ಬೀಜದ ತೆನೆಗಳ ಮುಸುಕನ್ನು ಹಿಂದಕ್ಕೆ ಮಡಿಸಿ ಜಡೆ ಹೆಣೆದು ಒಲೆಯ ಮೇಲಿನ ತೊಲೆಗೆ ತೂಗುಹಾಕುತ್ತಿದ್ದರು. ಹೊಗೆ ಹಿಡಿದ ಕಾಳಿಗೆ ಹುಳು ಬೀಳುತ್ತಿರಲಿಲ್ಲ, ಗುಲಾಬಿ ಔಷಧಿಯೂ ಬೇಕಿರಲಿಲ್ಲ. ಮೊಳಕೆಯ ವಿದ್ಯೆಯೂ ನಮಗೆ ಹೊಸದಲ್ಲ. ಮದುವೆಮನೆಯ ಅಂಕುರಾರ್ಪಣೆಯಲ್ಲಿ ಪಾಲಿಕೆಗಳಲ್ಲಿ ನವಧಾನ್ಯ ಮೊಳೆಯಿಸಿದವರು ನಾವು. ತಿರುಮಲೆ ರಂಗನಾಥನ ದನದ ಜಾತ್ರೆಗೆ ಹಳ್ಳಿಕಾರ್ ಹೋರಿಗಳನ್ನು ಹೊಡೆದುಕೊಂಡು ಹೋಗುವ ಮೊದಲು ಹುರುಳಿ ನೆನೆಸಿ ಬೇಯಿಸಿ ಇಟ್ಟು ಮೈ ತುಂಬಿಸುತ್ತಿದ್ದರು.

ಇಲ್ಲಿ ಯಾರಾದರೂ ನನ್ನನ್ನು ಹಿಡಿಯಬಹುದು: ಮುಸುಕಿನ ಜೋಳ ಮೆಕ್ಸಿಕೊದಿಂದ ಬಂದದ್ದಲ್ಲವೇ, ಅದರಲ್ಲಿ "ನಾಟಿ" ಎಲ್ಲಿಯದು ಸಾರ್ ಎಂದು. ಸರಿಯಾದ ಪ್ರಶ್ನೆ. ಸೋಮನಾಥಪುರಕ್ಕೆ ಪ್ರವಾಸ ಹೋದಾಗ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ತೆನೆಯಂಥ ವಸ್ತುವನ್ನು ನಿಮಗೆ ತೋರಿಸಿದ್ದೆ, ನೆನಪಿದೆಯೇ? ಅದು ಮುಸುಕಿನ ಜೋಳದ ತೆನೆಯೇ, ಕೊಲಂಬಸನಿಗೂ ಮೊದಲೇ ಇಲ್ಲಿಗೆ ಬಂದಿತ್ತು ಎಂದು ಇಬ್ಬರು ಅಮೆರಿಕನ್ ವಿದ್ವಾಂಸರು 1989ರಲ್ಲಿ ವಾದಿಸಿದರು. ಹೆಚ್ಚಿನ ಪಂಡಿತರು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಮೆಣಸಿನಕಾಯಿಯಂತೆ ಇದೂ ಹೊರಗಿನಿಂದಲೇ ಬಂದದ್ದು. ಆದರೆ ತಲೆಮಾರುಗಳ ಕಾಲ ನಮ್ಮ ಕೆಂಪು ಮಣ್ಣಿನಲ್ಲಿ ಒಣಗಿ, ಉಳಿದದ್ದರ ಬೀಜವನ್ನೇ ನಮ್ಮ ಹೆಂಗಸರು ಆಯ್ದಿಟ್ಟು ಉಳಿಸಿಕೊಂಡ ತಳಿಗೆ ನಾಟಿ ಎನ್ನದೆ ಇನ್ನೇನೆನ್ನಲಿ? ನನಗೆ ನಾಟಿ ಎಂದರೆ ಹುಟ್ಟಿದ ದೇಶವಲ್ಲ. ಮುಂದಿನ ವರ್ಷಕ್ಕೂ ಅದೇ ಬೀಜ ನಡೆಯುತ್ತದೆಯೇ ಎಂಬುದು. ಹೈಬ್ರಿಡ್ ಕಾಳನ್ನು ಎತ್ತಿಟ್ಟು ಬಿತ್ತಿದರೆ ಮರುವರ್ಷ ಒಂದೊಂದು ಗಿಡ ಒಂದೊಂದು ತೆರನಾಗಿ ಇಳುವರಿ ಕುಸಿಯುತ್ತದೆ. ಪ್ರತಿ ವರ್ಷ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಬೀಜ ಉಳಿಸುವ, ಹಂಚುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣಾ ಕಾಯ್ದೆ ರೈತನಿಗೆ ಕೊಟ್ಟಿದೆ. ಹಕ್ಕು ಕಾಗದದಲ್ಲಿದೆ, ಬೀಜ ಅಟ್ಟದಲ್ಲಿಲ್ಲ.

ಅಕ್ಕಡಿ ಸಾಲು ಹೋಯಿತು. ಬಹಳ ಹೊಲಗಳಲ್ಲಿ ನೀಲಗಿರಿ ಬಂತು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸುವ ವೇಳೆಗೆ ಮಣ್ಣು ಹಿಂಡಿಹೋಗಿತ್ತು. ಈಗ ಸೈಟುಗಳ ಕಲ್ಲು. 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರಲ್ಲ, ಅಂದಿನಿಂದ ಗುಂಟೆಯ ಬೆಲೆ ಕೇಳುವವರು ವಾರಕ್ಕೊಬ್ಬರು ಬರುತ್ತಾರೆ. ದನ ಮೇಯುವ ಗೋಮಾಳ ಎಲ್ಲಿ ಎಂದು ಕೇಳುವವರು ಯಾರೂ ಇಲ್ಲ. ಜಮೀನು ಕಳೆದುಕೊಂಡವನಿಗೆ "ಜಮೀನು ಬೇಡ" ಎಂಬ ಯಂತ್ರ ತೋರಿಸಿದರೆ ಅವನು ನಂಬದೆ ಇನ್ನೇನು ಮಾಡಿಯಾನು! ನಾನು, ಓದಿದವನು, ನಂಬಲಿಲ್ಲವೇ?

ಸಾಕು. ನನ್ನ ತಪ್ಪಿಗೆ ನಾನು ಮಾಡಿಕೊಂಡ ಪ್ರಾಯಶ್ಚಿತ್ತ ಇಷ್ಟು. ತಿಪ್ಪಸಂದ್ರದ ಕಡೆ ನಮ್ಮ ಅಕ್ಕನ ಮನೆಯ ಅಟ್ಟದಲ್ಲಿ ಆರು ತೆನೆ ನಾಟಿ ಜೋಳ ಉಳಿದಿತ್ತು. ಕಳೆದ ಮುಂಗಾರಿನಲ್ಲಿ ಅವರ ಹೊಲದ ಮೂಲೆಯಲ್ಲಿ ಹಾಕಿದೆ. ಮೊದಲ ಸಲ ಕೆಟ್ಟೆ: ಪಕ್ಕದ ಹೊಲದ ಹೈಬ್ರಿಡ್ ಅದೇ ವಾರ ಹೂ ಬಿಟ್ಟಿತು, ಗಾಳಿಯಲ್ಲಿ ಪರಾಗ ತೂರಿಬಂದು ಬಿಳಿಯ ತೆನೆಗಳಲ್ಲಿ ಹಳದಿ ಕಾಳುಗಳು ಎದ್ದು ಕಂಡವು. ಅದೃಷ್ಟಕ್ಕೆ ಅರ್ಧ ಬೀಜವನ್ನು ಎತ್ತಿಟ್ಟಿದ್ದೆ. ಎರಡನೆಯ ಸಲ ನೆರೆಯವರ ಬಿತ್ತನೆಯಾಗಿ ಒಂದು ತಿಂಗಳು ಕಳೆದ ಮೇಲೆ ಬಿತ್ತಿದೆ. ಹದಿನಾಲ್ಕು ಸೇರು ಬಂದಿದೆ. ಆ ಕಾಳಿನಲ್ಲಿ ಒಂದು ಸೇರನ್ನು ನೆನೆಸಿ ಅಕ್ಕನ ಮನೆಯ ಕರುವಿಗೆಂದು ಬಿದಿರು ಮೊರದಲ್ಲಿ ಮೊಳೆಯಿಸಿ ನೋಡಿದೆವು. ಯಂತ್ರವಿಲ್ಲ. ರಾತ್ರಿ ನೆನೆಸಿ, ಒಂದು ದಿನ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು, ಅರ್ಧ ಅಂಗುಲ ದಪ್ಪಕ್ಕೆ ಹರಡಿ, ದಿನಕ್ಕೆ ಐದು ಸಲ ಕೈಯಿಂದ ನೀರು ಚಿಮುಕಿಸಿದ್ದು. ಕಾಳು ಚಿಕ್ಕದಾದ್ದರಿಂದ ಸೇರಿಗೆ ಹೆಚ್ಚು ಮೊಳಕೆ. ಹಳಸಲು ವಾಸನೆ ಬರಲಿಲ್ಲ. ಎಂಟನೆಯ ದಿನ ಕರು ಮೊರವನ್ನೂ ನೆಕ್ಕಿತು.

ಒಂದು ಎಚ್ಚರಿಕೆ. ಮುಸುಕಿನ ಜೋಳಕ್ಕೆ ಬದಲು ಬಿಳಿ ಜೋಳವನ್ನು ಹೀಗೆ ಮೊಳೆಯಿಸಿ ದನಕ್ಕೆ ಹಾಕಬೇಡಿ. ಎಳೆಯ ಜೋಳದ ಪೈರಿನಲ್ಲಿ ಸಯನೈಡಿನ ವಿಷ ಹುಟ್ಟುತ್ತದೆ. ಹೊಲದ ಎಳೆ ಜೋಳಕ್ಕೆ ದನ ನುಗ್ಗಿದರೆ ಹಿರಿಯರು ಎದೆ ಬಡಿದುಕೊಂಡು ಓಡುತ್ತಿದ್ದುದು ಬೆಳೆ ಹೋಯಿತೆಂದಷ್ಟೇ ಅಲ್ಲ.

ಹೋದ ತಿಂಗಳು ಆ ತಾಯಿ ಮಗನೊಂದಿಗೆ ಬಂದು ಎರಡು ಸೇರು ಬೀಜ ಕಟ್ಟಿಸಿಕೊಂಡು ಹೋದರು. ಘಟಕದ ಕಬ್ಬಿಣವನ್ನು ಗುಜರಿಗೆ ಹಾಕಿದ್ದಾರೆ, ನೆರಳುಬಲೆಯನ್ನು ಕೋಳಿಗೂಡಿಗೆ ಹೊದಿಸಿದ್ದಾರೆ, ಸಾಲ ಇನ್ನೂ ಒಂದು ವರ್ಷವಿದೆ. ಮೂರು ಹಸು ಉಳಿಸಿಕೊಂಡಿದ್ದಾರೆ. ಬದುವಿನ ಆರು ಗುಂಟೆಗೆ ಹಾಕುತ್ತಾರಂತೆ. "ತೆನೆ ಬಂದಾಗ ಬನ್ನಿ ಮೇಷ್ಟ್ರೇ, ಕತ್ತರಿ ತರಬೇಡಿ, ಕುಡುಗೋಲು ತನ್ನಿ" ಎಂದು ನಗುತ್ತ ಹೇಳಿದರು.

ಉಳಿದಿರುವುದು ಹನ್ನೊಂದು ಸೇರು. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆ ಹೊಲವಿರುವವರು ಯುಗಾದಿ ಕಳೆದ ಮೇಲೆ ಮನೆಗೆ ಬನ್ನಿ, ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದು ಸೇರು ಒಯ್ದವರು ಬೆಳೆ ಬಂದ ಮೇಲೆ ಎರಡು ಸೇರು ತಂದುಕೊಡಬೇಕು. ಸುತ್ತ ಇನ್ನೂರು ಮೀಟರಿನಲ್ಲಿ ಹೈಬ್ರಿಡ್ ಜೋಳವಿದ್ದರೆ ತಿಂಗಳು ತಡೆದು ಬಿತ್ತಿ. ದಪ್ಪ ತೆನೆ ಒಂದನ್ನೇ ನೋಡಿ ಬೀಜಕ್ಕಿಡಬೇಡಿ, ಹಲವಾರು ಗಿಡಗಳಿಂದ ಒಂದೊಂದು ತೆನೆ ಆಯ್ದುಕೊಳ್ಳಿ. ಬರುವಾಗ ಬಟ್ಟೆಯ ಚೀಲ ತನ್ನಿ. ಪ್ಲಾಸ್ಟಿಕ್ಕಿನಲ್ಲಿ ಕಾಳು ಬೆವರುತ್ತದೆ.